ಗುಡ್ಡದ ಬುಡದ ತೋಟಕ್ಕೆ ಬಂದ ಮದುವೆ ಕುದುರೆ

ದೊಡ್ಡನೆಕ್ಕುಂದಿಯ ಹೊಲ ಕಾರ್ಖಾನೆಗಳ ಪಾಲಾದ ಮೇಲೆ ಅಪ್ಪ ಅತ್ತಿಬೆಲೆಯಾಚೆ ಒಂದು ಕಲ್ಲುಗುಡ್ಡದ ಬುಡದಲ್ಲಿ ಜಮೀನು ಕೊಂಡು ರಾಗಿ, ಮಾವು ಹಾಕಿದರು. ಗುಡ್ಡ ಹತ್ತಲು ಬಂದ ಐಟಿಯವರು ಕುಡಿಯಲು ನೀರು ಕೇಳಿದರು. ಅಮ್ಮ ಮಜ್ಜಿಗೆ ಕೊಟ್ಟಳು. ಮುಂದಿನ ವಾರ ಅವರು ಸ್ನೇಹಿತರನ್ನೂ ಕರೆತಂದು ರಾತ್ರಿ ಉಳಿಯಬಹುದೇ ಎಂದರು. ನಮ್ಮ ವ್ಯಾಪಾರ ಶುರುವಾದದ್ದು ಹೀಗೆ. ಬೋರ್ಡಿನ ಮೇಲೆ ‘ರ‍್ಯಾಂಚ್’ ಎಂದು ಬರೆಸಿದವನು ಅಣ್ಣ. ಅವನಿಗೆ ಹೂಡಿಯಲ್ಲಿ ಒಂದು ಪಿಜಿ ಇದೆ, ಬಾಡಿಗೆ ವಸೂಲಿ ಬಿಟ್ಟರೆ ಬೇರೆ ಕಸುಬಿಲ್ಲ.

ರ‍್ಯಾಂಚ್ ಎಂದ ಮೇಲೆ ಬಂದವರು ಇಂಗ್ಲಿಷ್ ಸಿನಿಮಾದ ದನಗಾಹಿಗಳ ಹಾಗೆ ಸವಾರಿ ಮಾಡಲು ಕುದುರೆ ಕೇಳತೊಡಗಿದರು. ಅಪ್ಪ ಒಂದು ಬಿಳಿ ಕುದುರೆ ತಂದರು. ವೈಟ್‌ಫೀಲ್ಡ್ ಕಡೆಯ ಛತ್ರಗಳಲ್ಲಿ ಉತ್ತರ ಭಾರತದವರ ಮದುವೆಗೆ ವರನನ್ನು ಹೊತ್ತು ಹೊತ್ತು ಮುದಿಯಾದ ಕುದುರೆ. ಮೊದಲ ಅತಿಥಿ ಹತ್ತಿ ಕೂತರು. ಕುದುರೆ ನಿಂತೇ ಇತ್ತು. ಹುಲ್ಲು ತೋರಿಸಿದೆವು, ಬೆಲ್ಲ ತೋರಿಸಿದೆವು. ಅದಕ್ಕೆ ಬೇಕಾಗಿದ್ದದ್ದು ಬ್ಯಾಂಡು. ಮೊಬೈಲಿನಲ್ಲಿ ಬ್ಯಾಂಡ್ ಹಾಕಿದೊಡನೆ ಹೊರಟಿತು. ಸ್ವಲ್ಪ ದೂರಕ್ಕೊಮ್ಮೆ ನಿಂತು, ಮುಂದೆ ಯಾರಾದರೂ ಕುಣಿಯುವ ತನಕ ಕದಲುತ್ತಿರಲಿಲ್ಲ. ಎಷ್ಟೋ ಮ್ಯಾನೇಜರುಗಳು ನಮ್ಮ ಮಾವಿನ ಮರಗಳ ನಡುವೆ ಮದುವಣಿಗರಂತೆ ಮೆರೆದಿದ್ದಾರೆ, ಅವರ ಕೈಕೆಳಗಿನವರು ಮುಂದೆ ಕುಣಿದಿದ್ದಾರೆ. ಅವರಿಗೇನೂ ಅದು ಹೊಸದಾಗಿರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅಡುಗೆ, ಬುಕಿಂಗ್, ಕುದುರೆಯ ಲದ್ದಿ ಎಲ್ಲವೂ ನನ್ನ ಪಾಲಿಗೆ ಬಂತು. ಈ ಜಾಗವೆಂದರೆ ನನಗೆ ಪ್ರಾಣ. ಆದರೆ ಅಪ್ಪ ಬಂದವರ ಮುಂದೆಲ್ಲ, “ಇದೆಲ್ಲಾ ನನ್ ಮಗಂಗೇಯ. ಇವ್ಳು ಇನ್ನೊಂದ್ ಮನೆ ಸೇರೋಳು,” ಅನ್ನುವರು. ನನಗೆ ನಲವತ್ತು ದಾಟಿದರೂ ಆ ಇನ್ನೊಂದು ಮನೆಯ ವಿಳಾಸವನ್ನು ಯಾರೂ ಕೊಡಲಿಲ್ಲ. ಆ ಮಾತು ಕೇಳಿದಾಗಲೆಲ್ಲ ಸಿಟ್ಟನ್ನು ಮುದ್ದೆಕೋಲಿಗೆ ಹಾಕುತ್ತಿದ್ದೆ. ಅಂದಿನ ಮುದ್ದೆಯಲ್ಲಿ ಒಂದೂ ಗಂಟಿರುತ್ತಿರಲಿಲ್ಲ, ಅಷ್ಟು ತಿರುವುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಅಣ್ಣ ಒಬ್ಬ ಬಿಲ್ಡರನ್ನು ಕರೆತಂದ. ಜಗಲಿಯ ಮೇಲೆ ವಿಲ್ಲಾಗಳ ನಕ್ಷೆ ಹಾಸಿದರು. ನಮ್ಮ ಅಡುಗೆಮನೆಯ ಜಾಗದಲ್ಲಿ ಈಜುಕೊಳವಿತ್ತು. ನಾನು ಕಾಫಿ ಕೊಟ್ಟು ಬಾಗಿಲ ಬಳಿ ನಿಂತೆ.

“ಏನಂತೀರಾ ಯಜಮಾನ್ರೇ?” ಎಂದರು ಬಿಲ್ಡರ್.

ಅಪ್ಪ ಕನ್ನಡಕ ಹಾಕಿಕೊಂಡು ನಕ್ಷೆಯನ್ನು ಬಹಳ ಹೊತ್ತು ನೋಡಿದರು. “ಇದ್ರಲ್ಲಿ ನನ್ ಮಗಳ ಮನೆ ಎಲ್ಲೈತೆ?”

“ಅವಳ್ಗೇನಪ್ಪಾ, ನಮ್ ಪಿಜೀಲೇ ಇರ್ತಾಳೆ. ಅಡುಗೆ ನೋಡ್ಕೋತಾಳೆ,” ಎಂದ ಅಣ್ಣ.

ಅಪ್ಪ ಕನ್ನಡಕ ತೆಗೆದರು. “ನನ್ನೇನ್ ಕೇಳ್ತೀರಾ ಸಾರ್? ಯಜಮಾನಿ ಅಲ್ ನಿಂತವ್ಳೆ. ಅವ್ಳು ಊಂ ಅಂದ್ರೆ ಊಂ.”

“ಅಪ್ಪಾ, ಅವಳ್ನೇನ್ ಕೇಳೋದು?”

“ಅಂಗಾದ್ರೆ ಕಾಫಿ ಕುಡ್ದು ಒಂಟೋಗಿ.”

ಬಿಲ್ಡರ್ ಮೊದಲ ಸಲ ನನ್ನ ಕಡೆ ತಿರುಗಿ “ಮೇಡಂ” ಎಂದರು. ಅಪ್ಪನಿಗೆ ಹೇಳಬೇಕೆಂದು ಇಷ್ಟು ವರ್ಷ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಮಾತುಗಳೆಲ್ಲ ಕೆಲಸಕ್ಕೆ ಬಾರದಾದವು. ಬಂದದ್ದು ಅಳು. ಅಳುತ್ತಲೇ ನಕ್ಷೆಯನ್ನು ಸುತ್ತಿ ಅವರ ಕೈಗೆ ಕೊಟ್ಟೆ.