ನಾಲಿಗೆಗೆ ಕೆಲಸವಿಲ್ಲದ ವಾದ್ಯ

ನಮ್ಮದು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ವಾಲಗದ ಮನೆ. ಊದುವುದರಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಿಲ್ಲ ಎಂಬ ಜಂಬವಿತ್ತು. ಸೈನ್ಯದ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ನುಡಿಸಿ ನಿವೃತ್ತರಾದ ಅರಸೀಕೆರೆಯ ಹಿರಿಯರೊಬ್ಬರು ಹೋದ ವರ್ಷ ಅದರ ಚೀಲವನ್ನು ನನ್ನ ಕಂಕುಳಿಗೆ ಸಿಕ್ಕಿಸಿದರು. ಅರ್ಧ ಗಂಟೆಯಲ್ಲಿ ಜಂಬ ಇಳಿಯಿತು.

ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಿತ್ತು, ಅಷ್ಟೇ. ವಾಲಗದಲ್ಲಾದರೆ ನಾಲಿಗೆಯಿಂದ ಉಸಿರನ್ನು ತಡೆದು ಬಿಟ್ಟರೆ ಸ್ವರ ಎರಡಾಗುತ್ತದೆ. ಇಲ್ಲಿ ಎಷ್ಟು ನಾಲಿಗೆ ಬಡಿದರೂ ಎಮ್ಮೆ ಕೂಗಿದ ಹಾಗೆ ಒಂದೇ ಉದ್ದನೆಯ ಸ್ವರ!

"ನಿಮ್ಮ ಉಸ್ರು ಚೀಲಕ್ಕೋಯ್ತದೆ ಕಣ್ರೀ, ಕೊಳ್ವೆಗಲ್ಲ. ನಾಲ್ಗೆಗೆ ಇಲ್ಲಿ ಕೆಲ್ಸ ಇಲ್ಲ" ಎಂದು ನಕ್ಕು, ಅವರೇ ಅದನ್ನು ತೆಗೆದುಕೊಂಡು ಊದಿದರು. ಸ್ವರ ನಡೆಯುತ್ತಿರುವಾಗಲೇ ಮೇಲಿನ ತೂತಿನ ಬೆರಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಎತ್ತಿ ಇಳಿಸಿದರು. ಕಿಡಿ ಹಾರಿದಂತಾಗಿ ಸ್ವರ ಎರಡಾಯಿತು!

ನನಗೆ ಮೈಯೆಲ್ಲ ಜುಮ್ಮೆಂದಿತು. ಅರಸೀಕೆರೆಯಿಂದ ಹಳೇಬೀಡಿನವರೆಗೂ ಬಸ್ಸಿನ ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳು ಕುಣಿಸುತ್ತಲೇ ಬಂದೆ. ಮನೆ ಹೊಕ್ಕವನೇ ವಾಲಗ ಎತ್ತಿಕೊಂಡೆ. ನಾಲಿಗೆ ಅಲುಗಿಸದೆ, ಬೆರಳಿನಿಂದಲೇ ಸ್ವರ ಕತ್ತರಿಸುತ್ತ, ಧಾರೆಯ ಹೊತ್ತಿಗೆ ಊದುವ ರಾಗವನ್ನು ಊದಿದೆ. ಈ ಮನೆಗೆ ಹೊಸ ವಿದ್ಯೆ ತಂದವನಂತೆ ಅಪ್ಪನ ಕಡೆ ತಿರುಗಿದೆ.

ಜಗಲಿಯಲ್ಲಿ ಕೂತಿದ್ದ ಅಪ್ಪ ಎದ್ದು ನಿಂತಿದ್ದ.

"ಇದ್ನ ಯಾರ್ಲಾ ಹೇಳ್ಕೊಟ್ರು? ನಿಮ್ ತಾತ ಹಿಂಗೇ ಊದ್ತಿದ್ದಿದ್ದು. ಕೊನೇಗಾಲ್ದಲ್ಲಿ, ಲಕ್ವ ಹೊಡ್ದು ನಾಲ್ಗೆ ಬಿದ್ದೋದ್ಮೇಲೆ."