ಕಾಗದದ ಮೂಲೆಯ ಹಳದಿ

ರಾಮನಗರದ ನಮ್ಮ ಮನೆಗೆ ಹಾಲು ಹಾಕುತ್ತಿದ್ದವರು ಕೆಂಗಲ್ ಕಡೆಯ ಒಬ್ಬ ಹೆಂಗಸು. ಅವರ ಒಬ್ಬನೇ ಮಗ ಮಿಲಿಟರಿಯಲ್ಲಿದ್ದ. ಶ್ರೀಲಂಕಾದ ಅಂತರ್ಯುದ್ಧ ನಿಲ್ಲಿಸಲೆಂದು ನಮ್ಮ ಸೈನ್ಯ ಕಡಲು ದಾಟಿದಾಗ ಅವನೂ ಹೋದ. ಹಾಲಿನಮ್ಮನಿಗೆ ಓದು ಬಾರದು. ಹಾಗಾಗಿ ಅವನ ಕಾಗದ ಓದುವುದು, ಉತ್ತರ ಬರೆಯುವುದು ನನ್ನ ಪಾಲಿಗೆ ಬಂತು. ಬೇರೆಯವರ ಕಾಗದ ಓದುವುದು ಪಾಪವೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ನಾನೋ, ಹಾಲಿನ ಪಾತ್ರೆ ಒಳಗಿಡುವ ಮೊದಲೇ ಕಾಗದಕ್ಕೆ ಕೈ ಚಾಚುತ್ತಿದ್ದೆ.

ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಕೈಕಾಲು ನೆಟ್ಟಗೈತಂತಾ?"

"ಆರೋಗ್ಯವಾಗಿದ್ದೀನಿ ಅಂತ ಬರೆದಿದ್ದಾನೆ."

"ಅದ್ನ ಎಲ್ಲಾ ಸಲನೂ ಬರೀತಾನೆ. ಮುಂದಕ್ಕೋದಿ."

ಮುಂದೆ ಹೆಚ್ಚೇನೂ ಇರುತ್ತಿರಲಿಲ್ಲ. ವಿಳಾಸದಲ್ಲಿ ಊರಿನ ಹೆಸರಿಲ್ಲ, ಬರೀ ನಂಬರು. ತೆಂಗಿನ ಮರಗಳು ನಮ್ಮಲ್ಲಿಯಂತೆಯೇ ಇವೆ, ಮುದ್ದೆ ಮಾತ್ರ ಸಿಗದು, ಇಷ್ಟೇ. ಬರೆಯದೆ ಬಿಟ್ಟದ್ದೇನಿರಬಹುದು ಎಂದು ನಾನು ಸೊಪ್ಪು ಬಿಡಿಸುತ್ತಾ ಯೋಚಿಸುತ್ತಿದ್ದೆ.

ಉತ್ತರದಲ್ಲಿ ಎಮ್ಮೆ ಕರು ಹಾಕಿದ ಸುದ್ದಿ, ಬಾವಿಯ ನೀರಿನ ಸುದ್ದಿ. ಕಾಗದ ಅಂಟಿಸಿದ ಮೇಲೆ ಹಾಲಿನಮ್ಮ ಸೆರಗಿನ ಗಂಟು ಬಿಚ್ಚಿ, ಚಿಟಿಕೆ ಅರಿಶಿನ ಒದ್ದೆ ಮಾಡಿ ನಾಲ್ಕು ಮೂಲೆಗೂ ಹಚ್ಚುತ್ತಿದ್ದರು.

"ಅದು ಮದುವೆ ಕಾಗದಕ್ಕಲ್ವಾ?" ಎಂದು ಕೇಳಿದ್ದೆ.

"ಒಳ್ಳೇ ಸುದ್ದಿ ಅಂತ ಬಿಚ್ಚೋಕ್ ಮುಂಚೇನೇ ಗೊತ್ತಾಗ್ಲಿ ಅಮ್ಮಾವ್ರೆ. ಅಷ್ಟ್ ದೂರ್ದಾಗೆ ಕೂತಿರೋನು, ಎದೆ ಹೊಡ್ಕೋಬಾರ್ದು."

ಒಂದು ಸಲ ಅವನ ಕಾಗದದ ಮೂಲೆಯೂ ಹಳದಿಯಾಗಿತ್ತು. ಹಾಲಿನಮ್ಮನ ಮುಖ ಅರಳಿತು. "ನೋಡ್ರವ್ವಾ, ಅಲ್ಲೂ ಅರಿಶಿನ ಹುಡುಕ್ಬುಟ್ಟವ್ನೆ ನನ್ ಮಗ!"

ಓದುವ ನೆಪದಲ್ಲಿ ಕಾಗದವನ್ನು ಮುಖದ ಹತ್ತಿರ ತಂದೆ. ಅರಿಶಿನದ ವಾಸನೆಯಲ್ಲ. ಒಗ್ಗರಣೆ ಎಣ್ಣೆ ಸಿಡಿದಾಗ ನಾನು ಹಚ್ಚಿಕೊಳ್ಳುವ, ಸುಟ್ಟ ಗಾಯದ ಹಳದಿ ಮುಲಾಮಿನ ವಾಸನೆ. ಒಳಗೆ ಎಂದಿನಂತೆ, ಆರೋಗ್ಯ. ನಾನೂ ಅದನ್ನೇ ಓದಿ ಹೇಳಿದೆ. ಉತ್ತರದ ಕೊನೆಯಲ್ಲಿ ಮಾತ್ರ, ಅವರು ಹೇಳದ ಎರಡು ಸಾಲು ಇಂಗ್ಲಿಷಿನಲ್ಲಿ ಸೇರಿಸಿದೆ: ಎಲ್ಲಿ ಸುಟ್ಟಿದೆ? ನಿಜ ಬರಿ.

ತಿಂಗಳ ಮೇಲೆ ಉತ್ತರ ಬಂತು. ಕನ್ನಡದ ಭಾಗ ಓದಿ, ಕೊನೆಯ ಇಂಗ್ಲಿಷ್ ಸಾಲುಗಳನ್ನು ಬಿಟ್ಟು ಮಡಚಲು ಹೋದೆ. ಹಾಲಿನಮ್ಮ ಬೆರಳಿಟ್ಟರು.

"ಈ ಕೊನೇದು?"

"ಅದು ವಿಳಾಸ."

"ಅವನ್ ಅಕ್ಷರ ಉಂಡುಂಡಗೆ ಬಿಡಿಬಿಡಿಯಾಗಿರ್ತವೆ. ಇವು ಒಂದರ ಕೈ ಒಂದು ಹಿಡ್ಕಂಡ್ ನಿಂತವೆ. ಓದಿ ಅಮ್ಮಾವ್ರೆ."

ಇಷ್ಟು ದಿನ ಅವರು ನನ್ನ ಮುಖ ನೋಡುತ್ತಾ ಕೇಳುತ್ತಾರೆ ಎಂದುಕೊಂಡಿದ್ದೆ. ಕಾಗದವನ್ನೇ ನೋಡುತ್ತಿದ್ದರು.

ಕೂಡಿಸಿ ಬರೆದ ಆ ಇಂಗ್ಲಿಷನ್ನು ಕನ್ನಡ ಮಾಡಿ ಓದಿದೆ. "ಗಾಡಿಗೆ ಬೆಂಕಿ ಬಿದ್ದಾಗ ಎಡಗೈ ಸುಟ್ಟಿತು. ಐದು ಬೆರಳೂ ಇವೆ, ಮಡಚಲು ಬರುತ್ತವೆ. ದಯವಿಟ್ಟು ನಮ್ಮವ್ವನಿಗೆ ಹೇಳಬೇಡಿ." ಆ ಕೊನೆಯ ಮಾತನ್ನೂ ಓದಿಬಿಟ್ಟೆ.

ಹಾಲಿನಮ್ಮ ತಮ್ಮ ಎಡಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ, ಬಿಚ್ಚಿ ನೋಡಿಕೊಂಡರು.

"ಐದೂ ಮಡಚ್ತವಂತಾ?"

"ಐದೂ."

ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಸೆರಗಿನ ಗಂಟಿಗೆ ಕೈ ಹಾಕಿದರು. "ಹಂಗಾರೆ ಬರೀರಿ. ನಿಮ್ಮವ್ವಂಗೆ ಹೇಳಿಲ್ಲ ಅಂತ ಬರೀರಿ. ಆ ಕೈ ಹಿಡ್ಕಂಡಿರೋ ಅಕ್ಷರದಾಗೇ ಬರೀರಿ."