ಅವ್ವನ ಆಂಜನೇಯ, ಅತ್ತೆಯ ಆಂಜನೇಯ

ಹೋದ ತಿಂಗಳು ಒಂದು ಭಾನುವಾರ ನಮ್ಮ ಮನೆಯಲ್ಲಿ ಎರಡು ಸಾರು. ಒಂದೇ ಒಲೆ, ಎರಡು ಪಾತ್ರೆ. ಒಂದು ನಮ್ಮವ್ವ ತನಗೆಂದು ಇಟ್ಟದ್ದು, ಇನ್ನೊಂದು ನನ್ನ ಅತ್ತೆ ತಮಗೆಂದು ಇಟ್ಟದ್ದು. ನಡುವೆ ಬಸುರಿ ಹೆಂಡತಿ ಸರೋಜ. ಎರಡರಲ್ಲೂ ಉಂಡು, ಎರಡೂ ಚೆನ್ನಾಗಿದೆ ಎಂದಳು. (ಈ ಡಿಪ್ಲೊಮಸಿಯನ್ನು ಯಾವ ಸ್ಕೂಲಿನಲ್ಲಿ ಕಲಿಸುತ್ತಾರೋ, ಮೇಷ್ಟ್ರಾದ ನನಗೂ ಗೊತ್ತಿಲ್ಲ.)

ಜಗಳ ಆಸ್ತಿಗಲ್ಲ, ಒಡವೆಗಲ್ಲ. ಆಂಜನೇಯನಿಗೆ.

ಅದೂ ಗುಡಿಯ ಆಂಜನೇಯನಲ್ಲ. ಸಿನಿಮಾದವನು.

ಅತ್ತೆ ಹನೂರಿನಿಂದ ಬಂದದ್ದು ಮಗಳನ್ನು ಹೆರಿಗೆಗೆ ಕರೆದೊಯ್ಯಲು. ಬಂದವರು ಕಾಫಿ ಕುಡಿಯುತ್ತಾ, ತಮ್ಮೂರ ಟೆಂಟಿನಲ್ಲಿ ನೋಡಿದ ತಮಿಳು ಪಿಕ್ಚರಿನ ಸುದ್ದಿ ಎತ್ತಿದರು. ಅದರಲ್ಲಿ ಆಂಜನೇಯ ಎತ್ತರದ ಆಳಂತೆ. ಸಣಕಲು ಮೈ, ಮಿಂಚಿನಂಥ ಓಟ, ಬೆಟ್ಟ ಹೊತ್ತುಕೊಂಡೇ ಪುಟಗಟ್ಟಲೆ ಡೈಲಾಗ್ ಹೇಳುತ್ತಾನಂತೆ.

ಅವ್ವ ಲೋಟ ಕೆಳಗಿಟ್ಟಳು.

ಅವ್ವ ಯಳಂದೂರಿನವಳು. ಅವಳೂ ಒಬ್ಬ ಆಂಜನೇಯನನ್ನು ನೋಡಿದ್ದಾಳೆ, ಎಷ್ಟೋ ವರ್ಷದ ಹಿಂದೆ, ತವರೂರಿನ ಟೆಂಟಿನಲ್ಲಿ. ಆತ ದುಂಡಗಿದ್ದ. ಕೆನ್ನೆ ಉಬ್ಬಿತ್ತು. ಮಾತು ಕಡಿಮೆ, ಕೈ ಮುಗಿಯುವುದು ಜಾಸ್ತಿ. ಆತ ಪರದೆಗೆ ಬಂದಾಗ ಅವ್ವ ಮೆಟ್ಟು ಹೊರಗೆ ಬಿಟ್ಟು ಬಂದು ಕೂತಿದ್ದಳಂತೆ.

"ಸಣಕಲ ಆಂಜನೇಯ ಎಲ್ಲಾರ ಉಂಟಾ? ಅದೂ ತಮಿಳ್ನಾಗ್ ಮಾತಾಡ್ತಾನಾ?" ಎಂದಳು ಅವ್ವ.

"ಬೆಟ್ಟ ಒತ್ತೋನ್ಗೆ ಯಾವ ಬಾಸೆ ಆದ್ರೇನ್ರಿ?" ಎಂದರು ಅತ್ತೆ. "ನೀವ್ ಏಳೋ ಡುಮ್ಮ ಅಷ್ಟು ದೊಡ್ ಸಮುದ್ರ ಎಂಗ್ ಆರ್ತಾನೆ?"

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಅವ್ವಾ, ಇಬ್ಬರೂ ಆಕ್ಟರ್‌ಗಳು. ಸಂಬಳಕ್ಕೆ ವೇಷ ಹಾಕಿದವರು" ಎಂದೆ.

ಅವ್ವ ನನ್ನನ್ನು ಕರುಣೆಯಿಂದ ನೋಡಿದಳು. "ಅಷ್ಟು ನನಗೂ ಗೊತ್ತು ಕಣ್ಲಾ. ಆಕ್ಟ್ರು ಯಾರಾರಾ ಆಗ್ಲಿ. ದೇವ್ರು ಯಾರ್ ಮೈಮ್ಯಾಲೆ ಬಂದವ್ನೆ, ಯಾರ್ ಮೈಮ್ಯಾಲೆ ಬಂದಿಲ್ಲ, ಅದ್ ಕಾಣಾಕಿಲ್ವಾ?"

ಬಿ.ಎ. ಓದಿದ ನಾನು ಖಾಲಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಸಂಜೆಯ ಹೊತ್ತಿಗೆ ಮಾತು ಸಿನಿಮಾ ಬಿಟ್ಟು ಮನೆಗೇ ಬಂತು. ಅವ್ವ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು: "ಸೊಸೆ ಇಲ್ಲೇ ಇರ್ಲಿ. ದೇವ್ರ ಮೊಕ ಗುರ್ತಿಲ್ದೋರು ಮಗೀನ ಏನ್ ನೋಡ್ಕಂಡಾರು?"

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಚೀಲಕ್ಕೆ ಸೀರೆ ತುಂಬತೊಡಗಿದರು. ಅಷ್ಟು ಹೊತ್ತು ಇಬ್ಬರ ಮಾತಿಗೂ ನಗುತ್ತಿದ್ದ ಸರೋಜ ಈಗ ನಗಲಿಲ್ಲ. ಚೊಚ್ಚಲ ಹೆರಿಗೆ. ತವರಿಗೆ ಹೋಗುವುದನ್ನು ಆಕೆ ಎಷ್ಟು ದಿನದಿಂದ ಕಾಯುತ್ತಿದ್ದಳೋ. "ಏನಾದ್ರೂ ಮಾಡ್ರೀ" ಎಂದಳು ಮೆಲ್ಲಗೆ.

ಮಾರನೆಯ ಬೆಳಿಗ್ಗೆ ನಮ್ಮ ಬೀದಿಗೆ ಟೆಂಟಿನ ಗಾಡಿ ಬಂತು. ಎರಡು ಕಡೆ ಪೋಸ್ಟರ್, ಮುಂದೆ ತಮಟೆ. ನಮ್ಮ ಕೊಳ್ಳೇಗಾಲದಲ್ಲಿ ಅಂದಿನಿಂದ ಹೊಸ ಪಿಕ್ಚರು. ಅದರಲ್ಲೂ ಆಂಜನೇಯನೇ! ಮೂರನೆಯವನು.

ನನಗೆ ಐಡಿಯಾ ಹೊಳೆಯಿತು. ಇಬ್ಬರನ್ನೂ ಕರೆದುಕೊಂಡು ಹೋಗೋಣ. ಈ ಮೂರನೆಯವನು ಇಬ್ಬರಿಗೂ ಹಿಡಿಸುವುದಿಲ್ಲ. ಅವನನ್ನು ಬೈಯುತ್ತಾ ಬೈಯುತ್ತಾ ಒಂದಾಗುತ್ತಾರೆ. ಎಷ್ಟೋ ಸಂಸಾರಗಳು ನಿಂತಿರುವುದೇ ಹೀಗೆ ಮೂರನೆಯವರನ್ನು ಬೈದುಕೊಂಡಲ್ಲವೇ? ಊರಿಗೆ ಹೊರಟಿದ್ದ ಅತ್ತೆಯನ್ನು ಹೇಗೋ ಒಂದು ದಿನ ನಿಲ್ಲಿಸಿಕೊಂಡೆ.

ಮೊದಲನೇ ಆಟಕ್ಕೆ ಹೋದೆವು. ಅವ್ವ ಒಂದು ತುದಿ, ಅತ್ತೆ ಒಂದು ತುದಿ, ನಡುವೆ ನಾನು ಮತ್ತು ಸರೋಜ. ಆಂಜನೇಯ ಮರದಿಂದ ಧುಮುಕಿದ. ಅವ್ವ ನನ್ನ ತೋಳು ಹಿಡಿದಳು.

"ಲೇ, ಇವ ಆ ರಾಕ್ಸ ಅಲ್ವಾ?"

ಹೌದು, ಅವನೇ. ಬಣ್ಣ ಬಳಿದರೂ ಆ ಕಣ್ಣು ಮರೆಯುವಂಥದ್ದಲ್ಲ. ಹತ್ತಾರು ಪಿಕ್ಚರುಗಳಲ್ಲಿ ಗಹಗಹಿಸಿ ನಕ್ಕು, ಹೆಂಗಸರನ್ನು ಹೊತ್ತುಕೊಂಡು ಹೋದ ಆಸಾಮಿ. ಅವ್ವ ಒಮ್ಮೆ ಅವನಿಗೆ ಗುರಿಯಿಟ್ಟು ಪರದೆಗೆ ಮರಳು ಎರಚಿದ್ದಳು. ಆ ತುದಿಯಿಂದ ಅತ್ತೆಯ ದನಿಯೂ ಬಂತು: "ಅಯ್ಯೋ ಸಿವನೇ, ಎಣ್ಣೈಕ್ಳ ಒತ್ಕಂಡ್ ಓಗೋನು."

ನಾನು ಒಳಗೊಳಗೇ ಕೈ ಉಜ್ಜಿಕೊಂಡೆ. ಕೆಲಸ ಆಯಿತು ಅಂತ.

ಆದರೆ ಇಂಟರ್ವಲ್ ಆದ ಮೇಲೆ ಒಂದು ಸೀನ್ ಬಂತು. ಅವನು ರಾಮದೇವರ ಪಾದದ ಬಳಿ ಕೂತಿದ್ದಾನೆ. ಮಾತಿಲ್ಲ. ಕಣ್ಣಿಂದ ನೀರು ಸುಮ್ಮನೆ ಇಳಿಯುತ್ತಿದೆ. ಟೆಂಟಿನಲ್ಲಿ ಬೀಡಿ ಕೆಮ್ಮೂ ನಿಂತಿತು.

ಅವ್ವ ನಮ್ಮಿಬ್ಬರನ್ನು ದಾಟಿ ಅತ್ತ ಬಾಗಿದಳು. "ಬುದ್ಧಿ ಬಂದದೆ ಕಣ್ರವ್ವಾ, ಇವನ್ಗೆ."

"ಊ ಕಣಕ್ಕಾ" ಎಂದರು ಅತ್ತೆ. "ಎಷ್ಟ್ ಪಾಪ ಮಾಡಿದ್ನೋ, ಈಗ ತೀರಿಸ್ತಾವ್ನೆ."

ಆಮೇಲೆ ನನ್ನನ್ನೂ ಸರೋಜಳನ್ನೂ ಎಬ್ಬಿಸಿ ಅತ್ತ ಕೂರಿಸಿದರು. ಇಬ್ಬರೂ ಅಕ್ಕಪಕ್ಕ ಕೂತು ಕೈ ಮುಗಿದರು. ಅತ್ತೆ ಸೆರಗಿನ ಗಂಟಿನಿಂದ ಕರ್ಪೂರ ತೆಗೆದರು, ಅವ್ವ ಹಿಂದಿನ ಬೀಡಿಯವನ ಹತ್ತಿರ ಬೆಂಕಿಪೊಟ್ಟಣ ಕೇಳಿದಳು. ಟೆಂಟಿನವನು ಓಡಿ ಬಂದು "ತಾಯೀ, ಟೆಂಟ್ ಅತ್ಕಂಡದು" ಎಂದು ಕೈ ಮುಗಿದ. ಕೊನೆಗೆ ಪರದೆಯ ಮುಂದಿನ ಮರಳಿನಲ್ಲಿ ಹಚ್ಚಲು ಒಪ್ಪಿಗೆ ಸಿಕ್ಕಿತು.

ನನಗೆ? ನನಗೆ ಕೊನೆಯವರೆಗೂ ರಾಕ್ಷಸನೇ ಕಂಡ. ಈಗ ಗಹಗಹಿಸುತ್ತಾನೆ, ಈಗ ಯಾರನ್ನೋ ಹೊತ್ತೊಯ್ಯುತ್ತಾನೆ ಎಂದು ಕಾಯುತ್ತಲೇ ಇದ್ದೆ. ಏನು ಮಾಡಲಿ, ಮೇಷ್ಟ್ರ ಕಸುಬೇ ಅಂಥದ್ದು. ಹಿಂದೆ ಪೋಲಿ ಅನ್ನಿಸಿಕೊಂಡ ಹುಡುಗ ಇವತ್ತು ಗೌರವಸ್ಥನಾಗಿ ದಾರಿಯಲ್ಲಿ ನಮಸ್ಕಾರ ಮಾಡಿದರೆ, ನನ್ನ ಕೈ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತದೆ. ಒಂದು ಮುಖಕ್ಕೆ ಒಂದೇ ಪಾರ್ಟು ಎಂದು ನಮ್ಮಂಥವರು ಬರೆದುಕೊಟ್ಟುಬಿಡುತ್ತೇವೆ. ಅವ್ವ, ಅತ್ತೆ ಅರ್ಧ ಪಿಕ್ಚರಿನೊಳಗೆ ಅದನ್ನು ಅಳಿಸಿ ಬರೆದರು.

ಎರಡು ದಿನ ಕಳೆದು ಸರೋಜಳನ್ನು ಹನೂರಿನ ಬಸ್ಸು ಹತ್ತಿಸಿದೆವು. ಅವ್ವನೇ ಮಡಿಲು ತುಂಬಿದಳು, ಚಟ್ನಿಪುಡಿ ಡಬ್ಬಿ ಕೊಟ್ಟಳು, ಅತ್ತೆಯ ಕೈ ಹಿಡಿದು "ನಿಮ್ಮನ್ನೇ ನಂಬಿವ್ನಿ" ಎಂದಳು. ಬಸ್ಸು ಕಾಮಗೆರೆ ರಸ್ತೆಗೆ ತಿರುಗುವವರೆಗೂ ನಿಂತು ನೋಡಿದಳು.

ಮನೆಗೆ ಬರುತ್ತಾ ಕೇಳಿದೆ: "ಹಂಗಾದ್ರೆ ಮೂವರಲ್ಲಿ ನಿಜವಾದ ಆಂಜನೇಯ ಯಾರವ್ವಾ?"

"ಮೂವರ ಮ್ಯಾಲೂ ಬಂದವ್ನೆ ಕಣ್ಲಾ. ಒಬ್ಬೊಬ್ರ ಮ್ಯಾಲೆ ಒಂದೊಂದ್ ತರ."

"ಹನೂರಿನ ಸಣಕಲನ ಮೇಲೂ?"

ಅವ್ವ ನಾಲ್ಕು ಹೆಜ್ಜೆ ಯೋಚನೆ ಮಾಡಿದಳು. "ಅವನ್ ಮ್ಯಾಲೆ ಒಸಿ ಕಮ್ಮಿ."

ಹನೂರಿನ ಓದುಗರಲ್ಲಿ ಕೈ ಮುಗಿದು ಕೇಳಿಕೊಳ್ಳುತ್ತೇನೆ: ಈ ಅಂಕಣವನ್ನು ದಯವಿಟ್ಟು ನಮ್ಮ ಅತ್ತೆಗೆ ಓದಿ ಹೇಳಬೇಡಿ.